ಮುಗಿದ ಭಯ, ಮುಗಿಯದ ಭಯ

1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನ ನೆವಾ ನದಿ ಉಕ್ಕಿ ಊರೊಳಗೆ ನುಗ್ಗಿತು. ಇವಾನ್ ಪಾವ್ಲೋವ್ ಅವರ ಪ್ರಯೋಗದ ನಾಯಿಗಳು ಆಗ ಬೋನುಗಳಲ್ಲಿದ್ದವು. ನೀರು ಬೋನಿನ ಮೇಲಂಚಿಗೆ ಬಂದಿತ್ತು, ಬಾಗಿಲು ಇದ್ದದ್ದು ಕೆಳಗೆ. ಹಾಗಾಗಿ ಮೂಗು ಮೇಲೆತ್ತಿ ಈಜುತ್ತಿದ್ದ ಒಂದೊಂದು ನಾಯಿಯ ತಲೆಯನ್ನೂ ನೀರೊಳಗೆ ಅದುಮಿಯೇ ಹೊರಗೆಳೆಯಬೇಕಾಯಿತು. ಜೀವವೇನೋ ಉಳಿಯಿತು. ಆದರೆ ಎಷ್ಟೋ ಕಾಲದಿಂದ ಕಲಿಸಿದ್ದ ಪಾಠಗಳನ್ನು ಕೆಲವು ನಾಯಿಗಳು ಪೂರ್ತಿ ಮರೆತಿದ್ದವು. ಆರೈಕೆ ನಡೆಯಿತು, ವಾರಗಳು ಕಳೆದ ಮೇಲೆ ಒಂದು ನಾಯಿ ಮೊದಲಿನ ಹಾಗಾಯಿತು ಅನ್ನಿಸಿದಾಗ, ಕೋಣೆಯ ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಹರಿಯಬಿಟ್ಟು ನೋಡಿದರು. ನೆಲದ ಮೇಲೆ ಆ ನೀರು ಕಂಡದ್ದೇ ತಡ, ನಾಯಿ ಏದುಸಿರು ಬಿಡುತ್ತ ಕಂಗೆಟ್ಟು ಹೋಯಿತು. ಗುಣವಾಗಿದ್ದೆಲ್ಲ ಒಂದೇ ಗಳಿಗೆಯಲ್ಲಿ ಹಿಂದಕ್ಕೆ ಹೋಯಿತು.

ಇವತ್ತು ಮನೋವೈದ್ಯರು ಟ್ರಿಗರ್ ಅನ್ನುವುದು ಆ ಬಾಗಿಲ ಸಂದಿಯ ನೀರನ್ನೇ. ಅದರಿಂದ ಅಪಾಯ ಏನೂ ಇರುವುದಿಲ್ಲ. ಆದರೆ ಹಿಂದೊಮ್ಮೆ ಜೀವಕ್ಕೆ ಬಂದಿದ್ದ ಅಪಾಯದ ಗುರುತು ಅದರ ಮೇಲೆ ಇರುತ್ತದೆ. ಮಿದುಳಿನ ಒಳಭಾಗದಲ್ಲಿರುವ, ಬಾದಾಮಿ ಗಾತ್ರದ ಅಮಿಗ್ಡಲಾ ಎಂಬ ಭಾಗ ಈ ಗುರುತನ್ನು ಹಿಡಿಯುವುದರಲ್ಲಿ ಭಾರಿ ಚುರುಕು. ಬುದ್ಧಿ ‘ಇದೇನು’ ಎಂದು ಕೇಳುವುದರೊಳಗೆ ಎದೆ ಬಡಿತ ಏರಿರುತ್ತದೆ, ಅಂಗೈ ಒದ್ದೆಯಾಗಿರುತ್ತದೆ, ಕಾಲು ಓಡಲು ಸಿದ್ಧವಾಗಿರುತ್ತದೆ. ಹಾಗಾಗಿಯೇ ಹೀಗೆ ಹೆದರುವವರಿಗೆ ‘ಸುಮ್ಮನೆ ಯಾಕ ಅಂಜತೀ, ಧೈರ್ಯಾ ತಗೋ’ ಎಂದು ಹೇಳುವುದರಿಂದ ಏನೂ ಉಪಯೋಗವಿಲ್ಲ. ಧೈರ್ಯ ತಗೊಳ್ಳುವ ಜಾಗಕ್ಕೆ ಸುದ್ದಿ ತಲುಪುವುದೇ ಆಮೇಲೆ.

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ನಾಲ್ಕನ್ನು, ಅಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳನ್ನು, ಎದುರಿಗಿಟ್ಟುಕೊಂಡು ಈ ವಿಷಯ ಯೋಚಿಸಿದರೆ ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ ಒಂದು ತೊಡಕು ಕಣ್ಣಿಗೆ ಬೀಳುತ್ತದೆ. ಆಘಾತದ ಚಿಕಿತ್ಸೆಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಅಪಾಯ ಮುಗಿದಿದೆ, ಮೈ ಮಾತ್ರ ಅದನ್ನಿನ್ನೂ ಒಪ್ಪಿಲ್ಲ. ಇಲ್ಲಿನ ಎಷ್ಟೋ ಜನರ ಮಟ್ಟಿಗೆ ಅಪಾಯ ಮುಗಿದೇ ಇಲ್ಲ.

ಮೊದಲು ಮುಗಿದದ್ದನ್ನು ನೋಡೋಣ. ಮುಂಡಗೋಡದ ಹತ್ತಿರದ ಟಿಬೆಟನ್ನರ ನೆಲೆ 1966ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಶುರುವಾಯಿತು. ದೋಗುಲಿಂಗ್ ಎಂಬುದು ಅದರ ಅಧಿಕೃತ ಹೆಸರು. ಸುತ್ತಲಿನವರಿಗೆ ಅದು ಲಾಮಾ ಕ್ಯಾಂಪು. 1959ರಲ್ಲಿ ದಲೈ ಲಾಮಾ ಗಡಿ ದಾಟಿದ ಮೇಲೆ ಹಿಮದ ಕಣಿವೆಗಳನ್ನು ರಾತ್ರಿ ಹೊತ್ತು ನಡೆದು ಬಂದವರು ಇಲ್ಲಿನ ಮೊದಲ ತಲೆಮಾರಿನವರು. ಭಿಕ್ಷುಗಳಲ್ಲಿ ಅನೇಕರು ಇಲ್ಲಿಗೆ ಬರುವ ಮುಂಚೆ ಪಶ್ಚಿಮ ಬಂಗಾಳದ ಬಕ್ಸಾದಲ್ಲಿದ್ದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಕೋಟೆ ಅದು. ಅಲ್ಲಿನ ಸೆಖೆ ಮತ್ತು ಕ್ಷಯಕ್ಕೆ ಬಹಳ ಮಂದಿ ಬಲಿಯಾದರು. ಡ್ರೆಪುಂಗ್, ಗಾದೆನ್ ಮಠಗಳು ಮುಂಡಗೋಡದ ಮುತ್ತುಗ, ತೇಗಗಳ ನಡುವೆ ಮತ್ತೆ ಎದ್ದು ನಿಂತದ್ದು ಹೀಗೆ ಉಳಿದವರಿಂದ.

ಇಷ್ಟನ್ನೆಲ್ಲ ಕಂಡವರ ಮನಸ್ಸು ಏನಾಗಿರಬೇಕು? ಈ ಬಗ್ಗೆ ನಡೆದ ಹೆಚ್ಚಿನ ಅಧ್ಯಯನಗಳು ಹಿಮಾಚಲದ ಧರ್ಮಶಾಲಾದವು. ತಿಮೊಥಿ ಹೋಲ್ಟ್ಜ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಬೆಟ್‌ನಲ್ಲಿ ಬಂಧನ ಮತ್ತು ಚಿತ್ರಹಿಂಸೆ ಅನುಭವಿಸಿದ 35 ಮಂದಿಯನ್ನು, ಅದನ್ನು ಅನುಭವಿಸದ 35 ನಿರಾಶ್ರಿತರ ಜೊತೆ ಹೋಲಿಸಿದರು. ಹಿಂಸೆಗೊಳಗಾದವರಲ್ಲಿ ಶೇ 54.3ರಷ್ಟು ಜನರಿಗೆ ಗಣನೀಯ ಆತಂಕವಿತ್ತು. ಉಳಿದವರಲ್ಲಿ ಶೇ 28.6. ಆದರೆ ಖಿನ್ನತೆಯಲ್ಲಿ ಎರಡೂ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಹತ್ತು ವರ್ಷದ ನಂತರ, 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೊಸದಾಗಿ ಬಂದಿಳಿದ 769 ನಿರಾಶ್ರಿತರನ್ನು ಮಾತಾಡಿಸಿತು. ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಅವರಲ್ಲಿ ಇಲ್ಲವೆಂಬಷ್ಟು ಕಡಿಮೆ. ಇದನ್ನು ಎರಡು ರೀತಿ ಓದಬಹುದು. ಧರ್ಮ, ಸಮುದಾಯ, ಕರ್ಮದ ಮೇಲಿನ ನಂಬಿಕೆಗಳು ಕಾಪಾಡಿದವು ಎನ್ನಬಹುದು. ಅಮೆರಿಕದಲ್ಲಿ ವಿಯೆಟ್ನಾಂ ಸೈನಿಕರ ಸಲುವಾಗಿ 1980ರಲ್ಲಿ ಅಧಿಕೃತಗೊಂಡ ಒಂದು ರೋಗಲಕ್ಷಣಗಳ ಪಟ್ಟಿಗೆ ಇವರ ಸಂಕಟ ಸಿಕ್ಕಲಿಲ್ಲ ಎಂದೂ ಅನ್ನಬಹುದು. ಎರಡರಲ್ಲೂ ನಿಜವಿದೆ ಅಂತ ನನಗನ್ನಿಸುತ್ತದೆ.

ಏಕೆಂದರೆ ಟಿಬೆಟನ್ನರಲ್ಲಿ ಇದಕ್ಕೆ ಬೇರೆಯದೇ ಲೆಕ್ಕವಿದೆ. ಹೃದಯದ ಸುತ್ತ ಇರುವ ಪ್ರಾಣವಾಯು ಕೆಟ್ಟರೆ ಬರುವ ಕಾಯಿಲೆಯನ್ನು ಅವರು ‘ಸೋಕ್ ಲುಂಗ್’ ಅನ್ನುತ್ತಾರೆ. ಎದೆ ಬಿಗಿತ, ನಿದ್ದೆ ಇಲ್ಲದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕಾರಣವಿಲ್ಲದೆ ಅಳು, ಸಿಟ್ಟು. ನಮ್ಮ ಕಡೆ ವಾಯು ಪ್ರಕೋಪದ ಮಾತು ಕೇಳಿ ಬೆಳೆದವರಿಗೆ ಇದೇನೂ ಅಪರಿಚಿತವಲ್ಲ. ಟಿಬೆಟನ್ ವೈದ್ಯ ನಾಡಿ ಹಿಡಿದು ನೋಡಿ ಅಗರ್-35 ಎಂಬ ಗುಳಿಗೆ ಕೊಡುತ್ತಾನೆ. ಮೂಳೆ ಸಾರು ಕುಡಿ, ಬೆಚ್ಚಗಿರು, ಪ್ರೀತಿಯ ಮಂದಿಯ ಜೊತೆ ಕೂತು ಮಾತಾಡು, ಒಬ್ಬನೇ ಇರಬೇಡ ಅನ್ನುತ್ತಾನೆ. ಗುಳಿಗೆಯ ಮಾತು ಬಿಡಿ. ಉಳಿದದ್ದನ್ನು ಯಾವ ಮನೋವೈದ್ಯರೂ ತಳ್ಳಿಹಾಕುವುದಿಲ್ಲ.

ಇನ್ನೊಂದು ಸಂಗತಿ. ಮನಶ್ಶಾಂತಿಗೆಂದು ನಗರಗಳಿಂದ ಮುಂಡಗೋಡಕ್ಕೆ ಬಂದು, ಧ್ಯಾನವೊಂದೇ ಎಲ್ಲಕ್ಕೂ ಮದ್ದು ಎಂದುಕೊಂಡು ಹೋಗುವವರಿದ್ದಾರೆ. 2013ರ ಜನವರಿಯಲ್ಲಿ ಡ್ರೆಪುಂಗ್ ಮಠದಲ್ಲೇ ದಲೈ ಲಾಮಾ ಮತ್ತು ವಿಜ್ಞಾನಿಗಳ ನಡುವೆ ‘ಮೈಂಡ್ ಅಂಡ್ ಲೈಫ್’ ಸಂವಾದ ನಡೆಯಿತು. ಧ್ಯಾನ ಮತ್ತು ಮಿದುಳಿನ ನಂಟು ಅಲ್ಲೂ ಚರ್ಚೆಗೆ ಬಂದ ವಿಷಯ. ಆದರೆ ಹಟ ಹಿಡಿದು, ಅತಿಯಾಗಿ ಧ್ಯಾನಕ್ಕೆ ಕೂತರೆ ಸೋಕ್ ಲುಂಗ್ ಕೆರಳುತ್ತದೆ ಎಂದು ಟಿಬೆಟನ್ ಪರಂಪರೆಯೇ ಎಚ್ಚರಿಸುತ್ತದೆ. ಆಘಾತ ಉಂಡವರು ಕಣ್ಣು ಮುಚ್ಚಿ ಉಸಿರು ಗಮನಿಸಲು ಹೊರಟರೆ ಕೆಲವರಿಗೆ ಕತ್ತಲೆಯಲ್ಲಿ ಮೊದಲು ಕಾಣುವುದು ಅದೇ ಹಳೆಯ ದೃಶ್ಯ. ಅಂಥವರು ಕಣ್ಣು ತೆರೆದೇ ಇರಬೇಕು, ಪಾದ ನೆಲಕ್ಕೆ ಒತ್ತಿ ಹಿಡಿಯಬೇಕು, ಎದುರಿಗಿರುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಬೇಕು ಎಂದು ಈಗಿನ ಸಲಹೆಗಾರರು ಹೇಳುವುದು ಇದಕ್ಕೇ.

ಜೋಯಿಡಾದ ಕಥೆ ಬೇರೆ. ಅಲ್ಲಿ ಯಾರೂ ಬಂದೂಕು ಹಿಡಿದು ಅಟ್ಟಲಿಲ್ಲ. ನೀರು ನಿಧಾನಕ್ಕೆ ಬಂತು. ಕಾಳಿ ಮತ್ತು ಪಾಂಢರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ಊರಿತ್ತು, ತಾಲ್ಲೂಕಿಗೆ ಅದೇ ಕೇಂದ್ರ. 1974ರಲ್ಲಿ ಕೆಲಸ ಶುರುವಾಗಿ ಎಂಬತ್ತರ ದಶಕದಲ್ಲಿ ಮುಗಿದ 101 ಮೀಟರ್ ಎತ್ತರದ ಆಣೆಕಟ್ಟು ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ನುಂಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಬಹಳಷ್ಟು ಜನ ಅದೇ ತಾಲ್ಲೂಕಿನ ರಾಮನಗರಕ್ಕೆ ಹೋದರು. ನಾಡಿಗೆ ಬೆಳಕು ಕೊಡಲು ಊರು ಬಿಟ್ಟ ಇವರು ಕುಡಿಯುವ ನೀರಿಗೇ ದಶಕಗಟ್ಟಲೆ ಅರ್ಜಿ ಹಿಡಿದು ಓಡಾಡಬೇಕಾಯಿತು.

ಊರು ಮುಳುಗುವುದು ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಅಧ್ಯಯನ ಇರುವುದು ಆಫ್ರಿಕದ್ದು. ಜಾಂಬೆಜಿ ನದಿಯ ಕರೀಬಾ ಆಣೆಕಟ್ಟಿಗಾಗಿ ಐವತ್ತರ ದಶಕದ ಕೊನೆಯಲ್ಲಿ ಎತ್ತಂಗಡಿಯಾದ ಗ್ವೆಂಬೆ ತೊಂಗಾ ಜನರನ್ನು ಎಲಿಜಬೆತ್ ಕೋಲ್ಸನ್ ಮತ್ತು ಥೇಯರ್ ಸ್ಕಡರ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಹೋದ ಮನೆಯ ದುಃಖ, ಮುಂದೇನೆಂಬ ಆತಂಕ, ದೇವರು ದಿಂಡರು ಹಿರಿಯರ ಗೋರಿಗಳು ಕೈತಪ್ಪಿದ ಅನಾಥಭಾವ ಇವೆಲ್ಲ ಒಟ್ಟಿಗೇ ಮೇಲೆ ಬೀಳುತ್ತವೆ ಎಂದು ಅವರು ಗುರುತಿಸಿದರು. ಮುಖ್ಯವಾದ ಮಾತೆಂದರೆ, ಈ ಒತ್ತಡ ಸ್ಥಳಾಂತರಕ್ಕೆ ಮೊದಲೇ, ಸುದ್ದಿ ಕಿವಿಗೆ ಬಿದ್ದ ದಿನದಿಂದಲೇ ಆರಂಭವಾಗುತ್ತದೆ.

ಜೋಯಿಡಾದಲ್ಲಿ ಆ ಸುದ್ದಿ ನಿಂತೇ ಇಲ್ಲ. 2007ರಲ್ಲಿ ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದರ ಹೆಸರು ಕಾಳಿ ಎಂದಾಯಿತು. ಒಳಗಿನ ಹಳ್ಳಿಗಳವರು ಸ್ವಇಚ್ಛೆಯಿಂದ ಹೊರಬಂದರೆ ಕುಟುಂಬಕ್ಕೆ ಮೊದಲು 10 ಲಕ್ಷ, ಈಗ 15 ಲಕ್ಷ ರೂಪಾಯಿಯ ಪ್ಯಾಕೇಜು. ಹೋದವರಿದ್ದಾರೆ, ಹೋಗಲೊಲ್ಲದವರಿದ್ದಾರೆ. ರಸ್ತೆ, ಶಾಲೆ, ಆಸ್ಪತ್ರೆ ಸಿಕ್ಕವು ಎನ್ನುವವರ ಮಾತೂ ಸುಳ್ಳಲ್ಲ. ಆದರೆ ಅಪ್ಪನ ಕಾಲದಲ್ಲಿ ಸೂಪಾ ಮುಳುಗಿದ್ದನ್ನು ಕೇಳಿ ಬೆಳೆದ ಮನೆಯಲ್ಲಿ ಇಲಾಖೆಯ ಜೀಪು ಬಂದು ನಿಂತಾಗ ಹಿರಿಯರ ಎದೆ ಧಸಕ್ಕೆನ್ನುವುದನ್ನು ಬರೀ ಹಳೆಯ ನೆನಪಿನ ಕಾಟವೆಂದು ತಳ್ಳಿಹಾಕುವಂತಿಲ್ಲ. ಜೀಪು ನಿಜವಾಗಿಯೂ ಬಂದಿದೆ.

ಆಫ್ರಿಕ ಮೂಲದ ಸಿದ್ದಿ ಸಮುದಾಯದ ಬಗ್ಗೆ ಬರೆಯುವವರು ಇತ್ತೀಚೆಗೆ ಗುಲಾಮಗಿರಿಯ ಗಾಯ ತಲೆಮಾರುಗಳಲ್ಲಿ ಹರಿದುಬರುತ್ತದೆ ಎಂಬ ಮಾತನ್ನು ಎತ್ತುತ್ತಾರೆ. ಆಘಾತ ಜೀನುಗಳ ವರ್ತನೆಯಲ್ಲಿ ಗುರುತು ಬಿಟ್ಟು ಮುಂದಿನವರಿಗೆ ದಾಟುತ್ತದೆಯೇ ಎಂಬುದು ಮನುಷ್ಯರ ಮಟ್ಟಿಗೆ ಇನ್ನೂ ಜಗಳದ ವಿಷಯ. ಹಳಿಯಾಳ, ಮುಂಡಗೋಡದ ಸಿದ್ದಿಗಳ ಮೈಯಲ್ಲಿ ಅದನ್ನು ಹುಡುಕುವ ಮೊದಲು, ಬಸ್ಸಿನಲ್ಲಿ ಪಕ್ಕದ ಸೀಟಿನವರು ನೋಡುವ ನೋಟ, ಶಾಲೆಯಲ್ಲಿ ಕೂದಲಿಗೆ ಬೀಳುವ ಅಡ್ಡಹೆಸರು ಇವನ್ನು ನೋಡಿದರೆ ಸಾಕು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಓದು, ಕೆಲಸಕ್ಕೆ ದಾರಿಯಾಯಿತು. ನೋಟ ಬದಲಾಗಲು ಆ ಪಟ್ಟಿ ಸಾಲದು.

ಇನ್ನು ಕಾಡುಪ್ರಾಣಿ. ಜೋಯಿಡಾ, ಹಳಿಯಾಳದ ಕಾಡಂಚಿನಲ್ಲಿ ಕರಡಿ ಮೈಮೇಲೆ ಬಿದ್ದರೆ ಅದರ ಉಗುರು ಹೋಗುವುದು ಹೆಚ್ಚಾಗಿ ಮುಖಕ್ಕೆ, ತಲೆಗೆ. ಬದುಕಿದವರು ದಿನಾ ಕನ್ನಡಿಯಲ್ಲಿ ಆ ಗಾಯದ ಗುರುತನ್ನು ನೋಡಬೇಕು, ಮತ್ತೆ ಅದೇ ದಾರಿಯಲ್ಲಿ ಸೌದೆಗೆ, ಮುರುಗಲಕ್ಕೆ, ಜೇನಿಗೆ ಹೋಗಬೇಕು. ಒಣ ಎಲೆ ಸರಕ್ಕೆಂದರೆ ಕಾಲು ಕಟ್ಟಿಹೋಗುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿಯ ಮೊಸಳೆಗೆ ಜೀವ ತೆತ್ತವರಿದ್ದಾರೆ. ಅಲ್ಲೇ ಪಕ್ಕದಲ್ಲಿ ಪ್ರವಾಸಿಗರು ರೋಮಾಂಚನಕ್ಕೆಂದು ದುಡ್ಡು ಕೊಟ್ಟು ರಾಫ್ಟಿಂಗಿಗೆ ಇಳಿಯುತ್ತಾರೆ. ಅದೇ ನೀರು, ಅದೇ ಎದೆಬಡಿತ. ಒಬ್ಬರಿಗೆ ರಜೆಯ ಖುಷಿ, ಇನ್ನೊಬ್ಬರಿಗೆ ಮಗ ಹೋದ ಜಾಗ. ಮುಂಡಗೋಡ, ಹಳಿಯಾಳದ ಗದ್ದೆಗಳಿಗೆ ಭತ್ತ, ಗೋವಿನಜೋಳ, ಕಬ್ಬು ಬಲಿಯುವ ಹೊತ್ತಿಗೆ ದಾಂಡೇಲಿ ಕಾಡಿನಿಂದ ಆನೆ ಹಿಂಡು ಇಳಿಯುತ್ತದೆ. ರಾತ್ರಿಯಿಡೀ ಮಾಳದ ಮೇಲೆ ಕೂತು ಪಟಾಕಿ ಹೊಡೆಯುವವರ ನಿದ್ದೆ ಸುಗ್ಗಿ ಮುಗಿದ ಮೇಲೂ ತಿಂಗಳುಗಟ್ಟಲೆ ಮರಳುವುದಿಲ್ಲ. ಕೆಲವರು ನಿದ್ದೆಗೆ ಸಾರಾಯಿ ಹಿಡಿಯುತ್ತಾರೆ, ಹಿಡಿದದ್ದು ಬಿಡುವುದಿಲ್ಲ.

ಇದನ್ನು ಸಂಶೋಧಕರು ಗಮನಿಸಿದ್ದು ತಡವಾಗಿ. ಸುಂದರಬನದಲ್ಲಿ ಗಂಡನನ್ನು ಹುಲಿಗೆ ಕಳಕೊಂಡ ಹೆಣ್ಣುಮಕ್ಕಳ ಮಾನಸಿಕ ಸ್ಥಿತಿಯನ್ನು ಅರಬಿಂದ ಚೌಧುರಿ ಮತ್ತು ಜೊತೆಯವರು ಅಧ್ಯಯನ ಮಾಡಿದರು. ಮಾನ್ ಬರುವಾ, ಶೋನಿಲ್ ಭಾಗವತ್, ಸುಶ್ರುತ್ ಜಾಧವ್ 2013ರಲ್ಲಿ ಮನುಷ್ಯ–ವನ್ಯಜೀವಿ ಸಂಘರ್ಷದ ಲೆಕ್ಕಕ್ಕೆ ಬಾರದ ನಷ್ಟಗಳ ಬಗ್ಗೆ ಬರೆದರು: ನಿದ್ದೆ, ಆರೋಗ್ಯ, ಪರಿಹಾರಕ್ಕಾಗಿ ಕಚೇರಿ ಅಲೆಯುವ ದಿನಗಳು. ನಮ್ಮಲ್ಲಿ ಪರಿಹಾರ ಸಿಗುವುದು ಸಾವಿಗೆ, ಗಾಯಕ್ಕೆ, ಬೆಳೆಗೆ. ಅಂಜಿಕೆಗೆ ಪಂಚನಾಮೆ ಇಲ್ಲ.

ಇಷ್ಟೆಲ್ಲ ಹೇಳಿದರೂ ಅತಿ ಹೆಚ್ಚು ಜನರನ್ನು ಕಾಡುವ ಭಯ ಕಾಡಿನದಲ್ಲ, ಅಡುಗೆಮನೆಯದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ 44.4 ಮಂದಿ ಗಂಡನ ಹಿಂಸೆ ಕಂಡಿದ್ದರು. ಆಗ ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣ ಅದು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದ್ದದ್ದು ಶೇ 20.6. ಸಂಜೆ ಬೈಕಿನ ಸದ್ದು ಓಣಿಗೆ ತಿರುಗಿದಾಗ ಹೊಟ್ಟೆಯಲ್ಲಿ ಚಳಿ ಹುಟ್ಟುವ ಹೆಂಗಸಿಗೆ ‘ಅದು ಬರೀ ಟ್ರಿಗರ್, ಉಸಿರು ಎಳೆದು ಬಿಡಿ’ ಅನ್ನುವುದು ಚಿಕಿತ್ಸೆಯಲ್ಲ, ಅವಮಾನ. ಅವಳಿಗೆ ಮೊದಲು ಬೇಕಾದದ್ದು ಸಾಂತ್ವನ ಕೇಂದ್ರ, 181 ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣಾ ಆದೇಶ, ತವರಿನಲ್ಲೊಂದು ಕೋಣೆ. ಮನಸ್ಸಿನ ಮಾತು ಆಮೇಲೆ.

ಹಾಗಾದರೆ ಚಿಕಿತ್ಸೆ ಯಾರಿಗೆ? ಅಪಾಯ ನಿಜಕ್ಕೂ ಮುಗಿದವರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಇದನ್ನು ಒತ್ತಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ನೂರಕ್ಕೆ ಎಪ್ಪತ್ತು ಜನ ಬದುಕಿನಲ್ಲೊಮ್ಮೆಯಾದರೂ ಆಘಾತ ತರಬಲ್ಲ ಘಟನೆ ಎದುರಿಸುತ್ತಾರೆ. ಅವರಲ್ಲಿ ಪಿಟಿಎಸ್‌ಡಿಗೆ ತುತ್ತಾಗುವವರು ಶೇ 5.6 ಮಾತ್ರ, ಅವರಲ್ಲೂ ಶೇ 40ರವರೆಗೆ ವರ್ಷದೊಳಗೆ ಚೇತರಿಸುತ್ತಾರೆ. ಉಳಿದವರನ್ನು ಕಟ್ಟಿಹಾಕುವುದು ಬಹುತೇಕ ಒಂದೇ ಅಭ್ಯಾಸ, ತಪ್ಪಿಸಿಕೊಳ್ಳುವುದು.

ಅಣಶಿ ಘಟ್ಟದಲ್ಲಿ ಬಸ್ ಅಪಘಾತದಿಂದ ಪಾರಾದ ಒಬ್ಬರನ್ನು ಊಹಿಸಿಕೊಳ್ಳಿ. ಆಮೇಲೆ ಅವರು ಬಸ್ ಹತ್ತಿಲ್ಲ. ಮೊದಲು ಘಟ್ಟ ಬಿಟ್ಟರು, ನಂತರ ಬಸ್ ಬಿಟ್ಟರು, ಈಗ ಸ್ಟ್ಯಾಂಡಿನ ಕಡೆಗೇ ಹೋಗುವುದಿಲ್ಲ. ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ ಸಲಹೆಗಾರರು ಇವರ ಜೊತೆ ಕೂತು ಭಯದ ಮೆಟ್ಟಿಲುಗಳನ್ನು ಬರೆಯುತ್ತಾರೆ. ಕೆಳಗಿನ ಮೆಟ್ಟಿಲು: ಜೋಯಿಡಾ ಸ್ಟ್ಯಾಂಡಿನಲ್ಲಿ ನಿಂತು ಇಂಜಿನ್ ಸದ್ದು ಕೇಳುವುದು. ಆಮೇಲೆ ನಿಂತ ಬಸ್ಸಿನ ಸೀಟಿನಲ್ಲಿ ಕೂರುವುದು. ಆಮೇಲೆ ಒಂದು ಸ್ಟಾಪಿನಷ್ಟು ಪಯಣ. ಎದೆ ಬಡಿಯುತ್ತದೆ, ಬೆವರುತ್ತದೆ, ಇಳಿದುಬಿಡೋಣ ಅನ್ನಿಸುತ್ತದೆ. ಇಳಿದರೆ ತಕ್ಷಣ ಹಾಯೆನಿಸುತ್ತದೆ ನಿಜ. ಆದರೆ ‘ಇಳಿದದ್ದಕ್ಕೇ ಉಳಿದೆ’ ಎಂಬ ಪಾಠ ಮೈಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಕೂತೇ ಇದ್ದರೆ ಭಯ ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಇದರ ಜೊತೆಗೆ, ಅಪಘಾತದ ದಿನವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಿಸುತ್ತಾರೆ, ಮತ್ತೆ ಮತ್ತೆ. ಸಾಮಾನ್ಯವಾಗಿ 8ರಿಂದ 15 ಭೇಟಿಗಳ ಕೆಲಸ. ಹಳೆಯ ಭಯ ಇದರಿಂದ ಅಳಿಸಿಹೋಗುವುದಿಲ್ಲ. ಅದರ ಮೇಲೆ ಹೊಸ ಕಲಿಕೆ ಕೂರುತ್ತದೆ. ಹಾಗಾಗಿ ವರ್ಷಗಳ ನಂತರ ಮಳೆಗಾಲದ ಒಂದು ಬೆಳಗ್ಗೆ ಹಳೆಯ ಭಯ ತಲೆಯೆತ್ತಿದರೆ ಚಿಕಿತ್ಸೆ ಸೋತಿತು ಎಂದುಕೊಳ್ಳಬೇಕಿಲ್ಲ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ಇನ್ನೊಂದು ವಿಧಾನಕ್ಕೂ ಒಳ್ಳೆಯ ಪುರಾವೆ ಇದೆ.

ನಮ್ಮ ಊರುಗಳಲ್ಲಿ ಆಗುತ್ತಿರುವುದು ಬೇರೆ. ‘ಎದಿ ಧಡಧಡ ಅಂತೈತ್ರಿ’ ಎಂದು ಹೋದವರಿಗೆ ಇಸಿಜಿ ತೆಗೆದು, ಸರಿ ಇದೆ ಎಂದು, ನಿದ್ದೆ ಗುಳಿಗೆ ಬರೆದು ಕಳಿಸುವುದು. ಆಘಾತವಾದ ಮೊದಲ ತಿಂಗಳಲ್ಲಿ ಆ ಸಂಕಟಕ್ಕೆ ಡಯಾಜೆಪಾಮ್ ಜಾತಿಯ ಗುಳಿಗೆಗಳನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಗುಳಿಗೆಗೆ ಮುಂಚೆ ಅಥವಾ ಜೊತೆಗೆ ದೇವರ ಮನೆಯೂ ಇರುತ್ತದೆ: ಗಾಳಿ ಸೋಂಕು ತೆಗೆಸುವುದು, ಅಂತ್ರ ಕಟ್ಟಿಸುವುದು, ಸಿದ್ದಿಗಳಲ್ಲಾದರೆ ಹಿರಿಯರ ಪೂಜೆ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಮ್ಮದೇ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಜನ ಮಂತ್ರವಾದಿ, ಪಾತ್ರಿ, ವೈದ್ಯ, ಡಾಕ್ಟರು ಎಂದು ಭೇದವಿಲ್ಲದೆ ಎಲ್ಲರ ಹತ್ತಿರವೂ ಹೋಗುತ್ತಾರೆ ಎಂಬುದನ್ನು ಅವರು ಯಾವ ತಾತ್ಸಾರವೂ ಇಲ್ಲದೆ ದಾಖಲಿಸಿದರು. ಪಾತ್ರಿಯ ಎದುರು ಊರವರೆಲ್ಲ ನಿಂತು ಒಬ್ಬರ ಸಂಕಟ ಕೇಳುವುದರಲ್ಲಿ ಬೆಲೆಯಿದೆ. ಹೊಡೆದು ಬಡಿದು ಭೂತ ಬಿಡಿಸುವುದರಲ್ಲಿ ಇಲ್ಲ. ಗೆರೆ ಅಲ್ಲಿ ಎಳೆದರೆ ಸಾಕು.

ಆಸ್ಪತ್ರೆಗೆ ಹೋಗಲೇಬೇಕೆಂದರೆ ಹಳಿಯಾಳ, ದಾಂಡೇಲಿಯವರಿಗೆ ಜಿಲ್ಲಾ ಕೇಂದ್ರ ಕಾರವಾರಕ್ಕಿಂತ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ‘ಮನೋಚೈತನ್ಯ’ ಯೋಜನೆ 2014ರಿಂದ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಜೋಯಿಡಾದ ಹಳ್ಳಿಗಳಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹಿಡಿದರೆ. ಗಡಿಯಾಚೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು, ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ತೀವ್ರ ಖಿನ್ನತೆಗೆ ಸಲಹೆ ನೀಡಬಹುದು ಎಂದು 2017ರಲ್ಲಿ ತೋರಿಸಿದರು. ಅದು ಖಿನ್ನತೆಯ ಪ್ರಯೋಗ, ಆಘಾತದ್ದಲ್ಲ. ಆದರೂ ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಆಡುವ ಜೋಯಿಡಾದ ಆಶಾ ಕಾರ್ಯಕರ್ತೆಯರಿಗೆ ಅದಕ್ಕಿಂತ ಹತ್ತಿರದ ಮಾದರಿ ಬೇರೆ ಇಲ್ಲ.

ಅಪಾಯ ಮುಗಿಯದವರಿಗೆ ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರದ ಒಂದು ತುಣುಕು ಮನೋವಿಜ್ಞಾನದ ಹಳೆಯ ಪ್ರಯೋಗದಲ್ಲಿದೆ. ಪೆಟ್ಟು ಬೀಳುವ ಮುಂಚೆ ಗಂಟೆ ಬಾರಿಸಿದರೆ ಪ್ರಾಣಿ ಗಂಟೆ ಕೇಳಿದಾಗ ಮಾತ್ರ ಹೆದರುತ್ತದೆ, ಉಳಿದ ಹೊತ್ತು ನಿರಾಳ. ಗಂಟೆಯೇ ಇಲ್ಲದೆ ಪೆಟ್ಟು ಬಿದ್ದರೆ ಇಡೀ ದಿನ ಹೆದರಿಯೇ ಇರುತ್ತದೆ. ಮಾರ್ಟಿನ್ ಸೆಲಿಗ್‌ಮನ್ ಅರವತ್ತರ ದಶಕದ ಕೊನೆಯಲ್ಲಿ ಇದನ್ನು ವಿವರಿಸಿದರು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಆನೆ ಎಲ್ಲಿದೆ ಎಂಬುದನ್ನು ಎಸ್‌ಎಂಎಸ್ ಮತ್ತು ಎತ್ತರದ ಕೆಂಪು ದೀಪಗಳಿಂದ ಜನರಿಗೆ ತಿಳಿಸತೊಡಗಿದ ಮೇಲೆ ಸಾವುಗಳು ಇಳಿದವು. ನಮ್ಮ ಹಾಸನದ ಸಕಲೇಶಪುರ, ಆಲೂರು ಭಾಗದಲ್ಲೂ ಇಂಥ ವ್ಯವಸ್ಥೆ ಬಂತು. ಸಾವಿನ ಲೆಕ್ಕ ಎಲ್ಲರೂ ಇಟ್ಟಿದ್ದಾರೆ. ದೀಪ ಹತ್ತದ ರಾತ್ರಿಗಳಲ್ಲಿ ಜನ ಎಷ್ಟು ನಿದ್ದೆ ಮಾಡಿದರು ಎಂಬ ಲೆಕ್ಕವನ್ನೂ ಇಡಬೇಕಿತ್ತು. ಮುಂಡಗೋಡ, ಹಳಿಯಾಳದ ಆನೆದಾರಿಗಳಿಗೆ ಇಂಥ ದೀಪ ಹಾಕಿಸುವಾಗ ಅದನ್ನು ಅರಣ್ಯ ಇಲಾಖೆಯ ಖರ್ಚಿಗೆ ಬರೆಯುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿಯನ್ನೂ ಆ ಸಭೆಗೆ ಕರೆದರೆ ಒಳ್ಳೆಯದು.